ಗಾಡಿ ಉಸಿರಾಡುವ ಜಾಗ

ಸ್ಟೆಲ್ಯೋಸನ ಪಿಕಪ್ ಗಾಡಿ ಊರ ಕೆಳಗಿನ ಏರು ಹತ್ತುವ ಸದ್ದು ಕೇಳಿಸಿದಾಗ ಲಾಂಬ್ರೋಸ್ ತನ್ನ ಗ್ಯಾರೇಜಿನ ಶಟರನ್ನು ಅರ್ಧಕ್ಕೆ ಎತ್ತಿದ್ದ. ಅದನ್ನು ಹಾಗೇ ಹೆಗಲ ಮೇಲೆ ಹೊತ್ತು ನಿಂತು ಕಿವಿಗೊಟ್ಟ. ಎರಡನೆಯ ಗೇರು. ಗಾಡಿ ಖಾಲಿ, ಹವೆ ತಂಪು. ಮೂರನೆಯ ಗೇರಿನಲ್ಲಿ ಹಾಡಿಕೊಂಡು ಬರಬೇಕಾದದ್ದು ಎರಡನೆಯದರಲ್ಲಿ ಏದುಸಿರು ಬಿಡುತ್ತಿದೆ. ತಿರುವು ದಾಟಿ ಕಾಣಿಸಿಕೊಂಡಾಗ ಅದರ ಹಿಂದೆ ಕಪ್ಪು ಹೊಗೆ, ಹೊಗೆಯ ಹಿಂದೆ ದಾರಿ ಸಿಗದೆ ಹಾರ್ನ್ ಒತ್ತುತ್ತಿದ್ದ ಪಾದ್ರಿಯ ಸ್ಕೂಟರ್. ಕೊನೆಗೆ ಪಾದ್ರಿ ತಾಳ್ಮೆಗೆಟ್ಟು, ಕರಿ ನಿಲುವಂಗಿ ಹಾರಿಸಿಕೊಂಡು, ಪಕ್ಕದಿಂದ ನುಗ್ಗಿ ಮುಂದೆ ಹೋದರು. ಲಾಂಬ್ರೋಸನಿಗೆ ತನ್ನ ಕೆನ್ನೆಗೇ ಯಾರೋ ಬಾರಿಸಿದಂತಾಯಿತು. ಈ ಇಂಜಿನ್ನನ್ನು ವಸಂತದಲ್ಲಿ ಬಿಚ್ಚಿ ಕಟ್ಟಿದವನು ಅವನು. ಅದರ ಒಂದೊಂದು ಬೋಲ್ಟೂ ಅವನ ಬೆರಳಿಗೆ ಪರಿಚಯ. ನಿನ್ನೆ ಕಾಫಿ ಅಂಗಡಿಯಲ್ಲಿ ಅಂಗಡಿಯ ಮಿಲ್ಟೋಸ್ ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಗಾಡಿಗೆ ಏನೂ ಆಗಿಲ್ಲ ಕಣ್ರಯ್ಯಾ. ಮೇಸ್ತ್ರಿ ಕಣ್ಣು ಬಿದ್ದಿದೆ, ಅಷ್ಟೇ." ಎಲ್ಲರೂ ನಕ್ಕಿದ್ದರು. ಲಾಂಬ್ರೋಸ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆಮೇಲೆ ಕಾಫಿಯನ್ನು ಲೋಟದಲ್ಲೇ ಬಿಟ್ಟು ಎದ್ದು ಬಂದಿದ್ದ.

ಅವನದು ಬೆಕ್ಕಿನ ಕಣ್ಣು. ಆ ಬೆಟ್ಟದೂರಿನಲ್ಲಿ ಎಲ್ಲರ ಕಣ್ಣೂ ಹುರಿದ ಕಾಫಿಬೀಜದ ಬಣ್ಣ, ಅವನ ಕಣ್ಣು ಮಾತ್ರ ತಿಳಿನೀಲಿ. ಅಂಥ ಕಣ್ಣಿನವರು ಮೆಚ್ಚಿದ್ದು ಬದುಕುವುದಿಲ್ಲ ಎಂದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೆಚ್ಚಿದರೆ ತಕ್ಷಣ ಥೂ ಥೂ ಥೂ ಎಂದು ಉಗಿದುಬಿಡಬೇಕು, ಮರೆತರೆ ಮುಗಿಯಿತು. ಅವನು ಹುಡುಗನಾಗಿದ್ದಾಗ ಚಿಕ್ಕಪ್ಪನ ಹೇಸರಗತ್ತೆಯ ಕುತ್ತಿಗೆ ತಬ್ಬಿ ಎಷ್ಟು ಚೆನ್ನಾಗಿದೆ ಎಂದಿದ್ದ. ಅದೇ ವಾರ ಅದು ಕಣಿವೆಗೆ ಬಿತ್ತು. ಅಮ್ಮ ಹೊಡೆದ ಏಟು ಮರೆತಿದೆ, ಆದರೆ ಹೊಡೆಯುವಾಗ ಅವಳು ಅವನ ಕಣ್ಣಿಗೆ ಕಣ್ಣು ಕೊಡದೆ ಬೇರೆಲ್ಲೋ ನೋಡುತ್ತಿದ್ದುದು ಮರೆತಿಲ್ಲ. ಅಂದಿನಿಂದ ಅವನು ಯಾವುದನ್ನೂ ಮೆಚ್ಚದವನಾದ. ಹೆಂಡತಿ ಒಲೆಯ ಮುಂದೆ ಕೈ ಸುಟ್ಟುಕೊಂಡು ಮಾಡಿದ್ದನ್ನು ತಲೆ ಬಗ್ಗಿಸಿ ತಿಂದು ಎದ್ದ. "ಮೂವತ್ತು ವರ್ಷದಲ್ಲಿ ಒಂದು ದಿನಕ್ಕೂ ಚೆನ್ನಾಗಿದೆ ಅಂತ ಬಾಯಿ ಬಿಡಲಿಲ್ಲ, ಕಲ್ಲು ಮನುಷ್ಯ" ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಾಳೆ. ಅವನು ಕಬ್ಬಿಣದ ಕಡೆ ಬಂದದ್ದೇ ಅದಕ್ಕೆ. ಕಬ್ಬಿಣಕ್ಕೆ ದೃಷ್ಟಿ ತಾಗುವುದಿಲ್ಲ. ಕಬ್ಬಿಣವನ್ನು ಎಷ್ಟು ಹೊತ್ತು ಬೇಕಾದರೂ, ಎಷ್ಟು ಪ್ರೀತಿಯಿಂದ ಬೇಕಾದರೂ ನೋಡಬಹುದು, ಅದು ನೆಟ್ಟಗೆ ನಿಂತು ನೋಡಿಸಿಕೊಳ್ಳುತ್ತದೆ. ಲೋಕದಲ್ಲಿ ಅವನಿಗೆ ಉಳಿದಿದ್ದ ಜಾಗ ಅದೊಂದೇ, ಈಗ ಅದಕ್ಕೂ ಕಲ್ಲು ಬಿದ್ದಿತ್ತು.

ಗಾಡಿ ನಿಂತಿತು. ಸ್ಟೆಲ್ಯೋಸ್ ಇಳಿದ, ನಲವತ್ತು ದಾಟಿದ ಮೇಲೆ ತಂದೆಯಾದ ಕುರಿಗಾರ, ಆ ಖುಷಿಗೆ ಗಡ್ಡ ಕೂಡ ಬೋಳಿಸಿದ್ದ. ಪಕ್ಕದ ಸೀಟಿನಲ್ಲಿ ಅವನ ತಾಯಿ ಅಸಿಮೀನಾ, ಕಪ್ಪು ತಲೆವಸ್ತ್ರ, ಕಪ್ಪು ಲಂಗ, ಮೊಣಕಾಲ ನಡುವೆ ಊರುಗೋಲು. ಲಾಂಬ್ರೋಸನನ್ನು ಕಂಡದ್ದೇ ಅವಳು ತಲೆವಸ್ತ್ರವನ್ನು ಹಣೆಯವರೆಗೂ ಎಳೆದುಕೊಂಡಳು.

"ಮೇಸ್ತ್ರಿ, ನೀವೇ ಕೇಳಿಸಿಕೊಂಡ್ರಲ್ಲ," ಎಂದ ಸ್ಟೆಲ್ಯೋಸ್. "ಆಕ್ಸಿಲರೇಟರ್ ಒತ್ತಿದ್ರೆ ನೆಲ ಮುಟ್ಟುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ ಅಂತದೆ. ನಾಳೆ ಪಾದ್ರಿಗಳು ಮಗೂಗೆ ಜ್ಞಾನಸ್ನಾನ ಮಾಡಿಸ್ತಾರೆ, ಬೆಟ್ಟದ ಮೇಲಿನ ಗುಡಿಯಲ್ಲಿ. ಮೇಜು, ಕುರ್ಚಿ, ಕುರಿ, ದ್ರಾಕ್ಷಾರಸ, ಅಜ್ಜಿಯಂದಿರು, ಎಲ್ಲಾ ಇದರಲ್ಲೇ ಹತ್ತಬೇಕು."

"ಹತ್ತುತ್ತೆ."

"ಹೋದ ತಿಂಗಳೂ ಹಾಗೇ ಅಂದ್ರಿ." ಅವನು ನೆಲ ನೋಡಿದ. "ಬೇಜಾರು ಮಾಡ್ಕೋಬೇಡಿ. ಇವತ್ತು ಆಗಲಿಲ್ಲ ಅಂದ್ರೆ ಪೇಟೆಗೆ ಒಯ್ತೀನಿ. ಮನೇಲೂ ಹಾಗೇ ಹೇಳ್ತಿದಾರೆ."

ಮನೆಯಲ್ಲಿ ಏನು ಹೇಳುತ್ತಿದ್ದಾರೆ ಎಂದು ಲಾಂಬ್ರೋಸ್ ಕೇಳಲಿಲ್ಲ. ಪೇಟೆಗೆ ಹೋಯಿತೆಂದರೆ ಊರು ಎರಡು ತೀರ್ಪನ್ನೂ ಒಟ್ಟಿಗೆ ಬರೆದುಬಿಡುತ್ತದೆ: ಕೈಯೂ ಹೋಯಿತು, ಕಣ್ಣೂ ಕೆಟ್ಟದ್ದು. ಸ್ಟೆಲ್ಯೋಸ್ ಕುರಿ ನೋಡಲು ಮಿಲ್ಟೋಸನ ಅಂಗಡಿಯ ಹಿಂದಿನ ದೊಡ್ಡಿಗೆ ಹೋದ. ಅಸಿಮೀನಾ ಇಳಿಯಲಿಲ್ಲ.

"ದೊಡ್ಡಮ್ಮಾ, ಒಳಗೆ ಕುರ್ಚಿ ಇದೆ, ನೆರಳಿದೆ."

"ಇಲ್ಲೇ ಚೆನ್ನಾಗಿದೀನಿ. ನೀನು ನಿನ್ನ ಕೆಲಸ ನೋಡು." ಸ್ವಲ್ಪ ತಡೆದು ಸೇರಿಸಿದಳು: "ಕೆಲಸ ಮಾತ್ರ ನೋಡು."

ನೋಡಿದ. ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಬಿಟ್ಟು ಬಿಸಿಲಿಗೆ ಹಿಡಿದ, ನೀರಿಲ್ಲ, ಕಸವಿಲ್ಲ. ಜಾಕ್ ಕೊಟ್ಟು ಚಕ್ರ ತಿರುಗಿಸಿದ, ಬ್ರೇಕು ಹಿಡಿದುಕೊಂಡಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟ. ಇಂಜಿನ್ ಗಕ್ಕನೆ ಸತ್ತಿತು, ಅಂದರೆ ಕ್ಲಚ್ ಜಾರುತ್ತಿಲ್ಲ. ಟರ್ಬೋದ ಪೈಪುಗಳಿಗೆ ಸಾಬೂನು ನೀರು ಬಳಿದು ಗುಳ್ಳೆ ಏಳುತ್ತದೋ ಎಂದು ಕಾದ, ಏಳಲಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಇಟ್ಟ, ಉಸಿರು ಕೈಯನ್ನು ದೂಡಿತು. ಏರ್ ಫಿಲ್ಟರಿನ ಡಬ್ಬಿ ತೆಗೆದ; ಫಿಲ್ಟರು ಹೊಸ ಪುಸ್ತಕದ ಹಾಗಿತ್ತು. ನಿಂತಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಗುಟುರು ಹಾಕುತ್ತದೆ. ನಿಂತಲ್ಲಿ ಗೂಳಿ, ಏರಿನಲ್ಲಿ ಮುದಿ ಕತ್ತೆ. ಇದೆಲ್ಲವನ್ನೂ ಅವನು ಹೋದ ತಿಂಗಳೂ ಮಾಡಿದ್ದ. ಮಾಡದೆ ಬಿಟ್ಟದ್ದು ಒಂದೇ ಒಂದು. ಹೆಡ್‌ಲೈಟಿನ ಪಕ್ಕದಿಂದ ಗಾಳಿ ತಂದು ಫಿಲ್ಟರಿನ ಡಬ್ಬಿಗೆ ಸೇರಿಸುವ ದಪ್ಪ ಕಪ್ಪು ಪೈಪನ್ನು ಅವನು ಬಿಚ್ಚಿರಲಿಲ್ಲ. ಕೈ ಅಲ್ಲಿಯವರೆಗೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು.

ಏಕೆಂದರೆ ಅಲ್ಲೇನಿದೆ ಎಂಬುದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂಬ ಭಯವಿತ್ತು. ವಸಂತದಲ್ಲಿ ಇಂಜಿನ್ ಬಿಚ್ಚಿದ್ದಾಗ ಆ ಪೈಪಿನ ಬಾಯಿಗೆ ನಟ್ಟು ಬೋಲ್ಟು ಬೀಳದಿರಲೆಂದು ಹಳೆಯ ದಿಂಬಿನ ಚೀಲದಿಂದ ಹರಿದ ಬಟ್ಟೆಯೊಂದನ್ನು ತುರುಕಿದ್ದ. ತುರುಕಿದ್ದು ನೆನಪಿದೆ. ತೆಗೆದದ್ದು ನೆನಪಿಲ್ಲ. ಆ ಮಧ್ಯಾಹ್ನ ಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ಫೋನ್ ಮಾಡಿದ್ದಳು. ಅವಳು ಮಾತಾಡುತ್ತಿದ್ದಾಗ, ಎಂದಿನಂತೆ, ಅವನ ಕಣ್ಣ ಮುಂದೆ ಬಂದದ್ದು ಅವಳ ಮುಖವಲ್ಲ, ಕೂಸಾಗಿದ್ದಾಗಿನ ಅವಳ ಎರಡು ಪಾದಗಳು. ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ಅವಳು ಹುಟ್ಟಿದ್ದು. ಹೆರಿಗೆ ಮಾಡಿಸಿದವಳು ಇದೇ ಅಸಿಮೀನಾ. ಆಗ ಊರಿನ ಕೂಸುಗಳೆಲ್ಲ ಅವಳ ಕೈಗೇ ಬೀಳುತ್ತಿದ್ದವು. ಬಾಗಿಲಲ್ಲಿ ಅಡ್ಡ ನಿಂತು ಹೇಳಿದ್ದಳು: "ಕಾಲು ನೋಡು ಲಾಂಬ್ರೋ. ಮುಖ ಬೇಡ. ನಲವತ್ತು ದಿನ ಆಗಿ ಗುಡಿಗೆ ಹೋಗಿ ಬರಲಿ, ಆಮೇಲೆ ಮುಖ." ಅವನು ಹೂಂ ಎಂದಿದ್ದ. ನಲವತ್ತು ದಿನ ಸ್ವಂತ ಮಗಳ ಕಾಲು ನೋಡಿದ್ದ. ಬೆರಳು, ಉಗುರು, ಹಿಮ್ಮಡಿಯ ಮಡಿಕೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಸ್ಪ್ಯಾನರ್ ಎತ್ತುತ್ತಿದ್ದನೋ ಏನೋ. ಅವಳ ಮಾತಿಗೆ ಮಾತ್ರ ಎದುರಾಡಲಿಲ್ಲ, ಏಕೆಂದರೆ ಅವನ ಒಳಗೂ ಕಣಿವೆಗೆ ಬಿದ್ದ ಹೇಸರಗತ್ತೆ ಇನ್ನೂ ಬೀಳುತ್ತಲೇ ಇತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಣ್ಣು ಬಿತ್ತು ಎಂದು ಊರು ನಕ್ಕಾಗಲೆಲ್ಲ ಅವನು ಮನಸ್ಸಿನಲ್ಲೇ ಆ ಪೈಪನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡರಲ್ಲಿ ಯಾವುದು ಕಡಿಮೆ ಅವಮಾನ? ದೃಷ್ಟಿಯಿಂದ ಗಾಡಿ ಕೆಟ್ಟಿತು ಎಂದರೆ ಅವನ ಕೈ ಉಳಿಯುತ್ತದೆ, ಕಣ್ಣು ಹೋಗುತ್ತದೆ. ಬಟ್ಟೆ ಮರೆತ ಎಂದರೆ ಕಣ್ಣು ಉಳಿಯುತ್ತದೆ, ಕೈ ಹೋಗುತ್ತದೆ. ತಿಂಗಳಿನಿಂದ ಈ ತಕ್ಕಡಿಯನ್ನು ತೂಗಿ ತೂಗಿ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಇಷ್ಟಕ್ಕೂ ಅವನು ಆ ದಿನ ಗಾಡಿಯನ್ನು ಮೆಚ್ಚಿದ್ದು ಸುಳ್ಳಲ್ಲ. ಕೆಲಸ ಮುಗಿಸಿ ಸ್ಟೆಲ್ಯೋಸನನ್ನೂ ಅಸಿಮೀನಾಳನ್ನೂ ಕೂರಿಸಿಕೊಂಡು ಏರು ಹತ್ತಿಸಿ ತಂದು, ಬಾನೆಟ್ಟಿನ ಮೇಲೆ ಅಂಗೈ ಬಡಿದು, ಹುಡುಗನ ಹಾಗೆ ಕೂಗಿದ್ದ: "ಗೂಳಿ ಕಣೋ ಇದು! ಎಂಥಾ ಎಳೆತ!" ಉಗಿಯಲಿಲ್ಲ. ಕಬ್ಬಿಣಕ್ಕೆ ಉಗಿಯುವುದೇ ಎಂಬ ಜಂಬ. ಸೀಟಿನಲ್ಲಿ ಅಸಿಮೀನಾಳ ಮುಖ ಬಿಳಿಚಿಕೊಂಡದ್ದನ್ನು ಕಂಡೂ ಉಗಿಯಲಿಲ್ಲ. ಅಷ್ಟೇ ಅಲ್ಲ, ಅವಳನ್ನು ಸಮಾಧಾನ ಮಾಡಲೆಂದು ಬಾನೆಟ್ ಎತ್ತಿ ಪಾಠ ಬೇರೆ ಹೇಳಿದ್ದ. ನೋಡಿ ದೊಡ್ಡಮ್ಮಾ, ಇದಕ್ಕೂ ನಮ್ಮ ಹಾಗೇ ಉಸಿರು ಬೇಕು, ಮೂಗು ಇಲ್ಲಿದೆ, ಇಲ್ಲಿಂದ ಎಳೆದುಕೊಳ್ಳುತ್ತೆ, ಅಲ್ಲಿಂದ ಬಿಡುತ್ತೆ. ಅವಳು ಬಗ್ಗಿ ಬಹಳ ಹೊತ್ತು ಆ ಪೈಪಿನ ಬಾಯನ್ನು ನೋಡಿದ್ದಳು.

ಬಿಸಿಲು ಶಟರಿನ ಕೆಳಗೆ ನುಗ್ಗಿ ಟೈರು ಮುಟ್ಟಿತು. ಸಾಕು ಎನಿಸಿತು ಅವನಿಗೆ. ಸ್ಕ್ರೂಡ್ರೈವರ್ ತೆಗೆದುಕೊಂಡು, ಪೈಪು ಫಿಲ್ಟರಿನ ಡಬ್ಬಿಗೆ ಸೇರುವ ಕಡೆ ಕ್ಲಿಪ್ ಸಡಿಲಿಸಿ, ಪೈಪಿನ ತುದಿಯನ್ನು ಡಬ್ಬಿಯಿಂದ ಕಿತ್ತು ಪಕ್ಕಕ್ಕೆ ಸರಿಸಿದ. ಒಳಗೆ ನೋಡಲಿಲ್ಲ. ಈಗ ಇಂಜಿನ್ ಪೈಪಿನ ಹಂಗಿಲ್ಲದೆ ನೇರವಾಗಿ ಗಾಳಿ ಎಳೆಯುತ್ತದೆ. ಎಳೆತ ಬಂದರೆ ತೊಂದರೆ ಪೈಪಿನಲ್ಲೇ. ಬರದಿದ್ದರೆ ಬೇರೆಲ್ಲೋ, ಬಹುಶಃ ತನ್ನ ಹಣೆಯ ಕೆಳಗೇ.

"ಮೇಲಿನ ಗುಡಿಯ ತನಕ ಹೋಗಿ ಬರ್ತೀನಿ ದೊಡ್ಡಮ್ಮಾ. ಇಳೀತೀರಾ?"

"ಯಾಕೆ ಇಳೀಲಿ? ಗಾಡಿ ನಮ್ದು."

ಹೊರಟರು. ಊರು ದಾಟಿದ ಮೇಲೆ ಚೆಸ್ಟ್‌ನಟ್ ಮರಗಳ ನಡುವೆ ರಸ್ತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಲಾಂಬ್ರೋಸ್ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ. ಗಾಡಿ ಬೆನ್ನಿಗೆ ಗುದ್ದಿತು. ಮೂರನೆಯದು. ಸೀಟು ಅವನನ್ನು ಒತ್ತಿ ಹಿಡಿಯಿತು, ಟರ್ಬೋ ಸಿಳ್ಳೆ ಹಾಕಿತು, ಜಲ್ಲಿಕಲ್ಲು ಹಿಂದೆ ಹಾರಿತು. ಮೊದಲ ತಿರುವು, ಎರಡನೆಯ ತಿರುವು. ಗಾಡಿ ತಾನೇ ದಾರಿ ಕೇಳುತ್ತಿತ್ತು. ಅವನ ಗಂಟಲಿನವರೆಗೂ ಆ ಮಾತು ಬಂತು, ಗೂಳಿ ಎನ್ನುವ ಮಾತು, ಹಲ್ಲು ಕಚ್ಚಿ ತಡೆದ. ಇಷ್ಟು ಸಂತೋಷವನ್ನು ಬಾಯೊಳಗೆ ಮುಚ್ಚಿಟ್ಟುಕೊಂಡು ಮನುಷ್ಯ ಎಷ್ಟು ವರ್ಷ ಬದುಕಬಹುದು? ಈ ಎಳೆತ ತನ್ನದು, ತನ್ನ ಕೈಯದು. ಕಣ್ಣಿನಿಂದ ಅದು ಸತ್ತಿರಲಿಲ್ಲ.

"ಎಳೀತಿದೆಯಲ್ಲೋ!" ಎಂದಳು ಅಸಿಮೀನಾ, ಊರುಗೋಲು ಗಟ್ಟಿಯಾಗಿ ಹಿಡಿದು. "ಏನು ಮಾಡ್ದೆ?"

"ಮೂಗು ಬಿಚ್ಚಿದೆ ದೊಡ್ಡಮ್ಮಾ. ಉಸಿರು ಕಟ್ಟಿತ್ತು."

ಅವಳು ಊರುಗೋಲಿನ ಮೇಲೆ ಗಲ್ಲ ಊರಿದಳು. ಓರೆಗಣ್ಣಿನಲ್ಲಿ ನೋಡಿದ, ಮುಖದ ಬಣ್ಣ ಇಳಿದಿತ್ತು. ನನ್ನ ಪಕ್ಕ ಕೂತದ್ದಕ್ಕೇ ಹೀಗೆ ಎಂದುಕೊಂಡ.

ಗುಡಿಯ ಮುಂದಿನ ಬಯಲಿನಲ್ಲಿ ಗಾಡಿ ನಿಲ್ಲಿಸಿ ಇಳಿದು ಬಾನೆಟ್ ಎತ್ತಿದ. ಸುತ್ತ ಯಾರೂ ಇಲ್ಲ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಅವನು ಕಾಣಿಸುವುದೂ ಇಲ್ಲ. ಪೈಪಿನೊಳಗೆ ಎರಡು ಬೆರಳು ಹಾಕಿದರೆ ಮುಗಿಯಿತು. ಬಟ್ಟೆ ಜೇಬಿಗೆ, ಪೈಪು ಜಾಗಕ್ಕೆ. ಕೆಳಗೆ ಹೋಗಿ ಏನೋ ಒಂದು ಹೆಸರು ಹೇಳಿದರಾಯಿತು, ಸ್ಟೆಲ್ಯೋಸನಿಗೆ ಏನು ಗೊತ್ತಾಗುತ್ತದೆ. ಕಣ್ಣೂ ಉಳಿಯಿತು, ಕೈಯೂ ಉಳಿಯಿತು. ಬೆರಳು ಪೈಪಿನ ಅಂಚು ಮುಟ್ಟಿತು. ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಹಲ್ಲಿಲ್ಲದ ಬಾಯಲ್ಲಿ ಹೇಳುತ್ತಿದ್ದದ್ದು ಬೇಡವೆಂದರೂ ಕೇಳಿಸಿತು: ಯಜಮಾನನ ಎದುರು ಬಿಚ್ಚು, ಯಜಮಾನನ ಎದುರು ಮುಚ್ಚು, ಹಿಂದಿನಿಂದ ಮಾಡಿದ್ದು ಕಳ್ಳತನ. ಆ ಮಾತನ್ನು ಅವನು ಜೀವಮಾನವೆಲ್ಲ ಮೀರಿರಲಿಲ್ಲ. ಅವನಿಗಿದ್ದ ಜಂಬವೆಲ್ಲ ಅದರ ಮೇಲೇ ನಿಂತಿದ್ದದ್ದು. ಕದ್ದು ಉಳಿಸಿಕೊಂಡ ಹೆಸರನ್ನು ಹೊತ್ತು ಬೆಳಿಗ್ಗೆ ಶಟರ್ ಎತ್ತುವುದು ಹೇಗೆ? ಬೆರಳು ತೆಗೆದ. ಬಾನೆಟ್ಟನ್ನು ಬೇಕೆಂದೇ ಧಡಾರನೆ ಮುಚ್ಚಿದ.

ಗ್ಯಾರೇಜಿನ ಮುಂದೆ ಸ್ಟೆಲ್ಯೋಸ್ ಕಾಯುತ್ತಿದ್ದ. ಜೊತೆಗೆ, ಕರೆಯದೆ ಬರುವುದರಲ್ಲಿ ನಿಸ್ಸೀಮನಾದ ಮಿಲ್ಟೋಸ್, ಕೈಯಲ್ಲಿ ಕಾಫಿ ಲೋಟ. ಗಾಡಿ ಏರು ಹತ್ತಿದ ಸದ್ದು ಊರಿಗೆಲ್ಲ ಕೇಳಿಸಿತ್ತು.

"ಬಂತಲ್ಲ ಮೇಸ್ತ್ರಿ! ಏನಾಗಿತ್ತು?" ಎಂದ ಸ್ಟೆಲ್ಯೋಸ್.

"ಹತ್ತಿರ ಬಾ. ಮಿಲ್ಟೋ, ನೀನೂ ಬಾ. ಹೇಗಿದ್ರೂ ನಿನ್ನ ಬಾಯಿಂದಲೇ ಊರಿಗೆ ಹೋಗಬೇಕು, ಸರಿಯಾಗಿ ನೋಡ್ಕೊಂಡು ಹೋಗು." ಲಾಂಬ್ರೋಸ್ ಬಾನೆಟ್ ಎತ್ತಿದ. "ಈ ಪೈಪಿನಿಂದ ಈಗ ಒಂದು ಬಟ್ಟೆ ಬರುತ್ತೆ. ಅದು ನನ್ನದು. ವಸಂತದಲ್ಲಿ ನಾನೇ ತುರುಕಿ ನಾನೇ ಮರೆತದ್ದು. ಮೊದಲು ತಳಕ್ಕೆ ಅಂಟಿಕೊಂಡಿದ್ದು ಆಮೇಲೆ ಸಡಿಲ ಆಗಿದೆ. ನಿಧಾನಕ್ಕೆ ಹೋದ್ರೆ ತಳದಲ್ಲಿ ಬಿದ್ದಿರುತ್ತೆ. ಇಂಜಿನ್ ಜೋರಾಗಿ ಎಳೆದ್ರೆ ಎದ್ದು ಬಾಗಿದ ಕಡೆ ಸಿಕ್ಕಿಕೊಂಡು ಗಾಳಿ ಕಟ್ಟುತ್ತೆ. ಗಾಡಿದೂ ತಪ್ಪಿಲ್ಲ, ಯಾರ ಕಣ್ಣಿಂದೂ ತಪ್ಪಿಲ್ಲ. ಕೈಯದ್ದು ತಪ್ಪು. ನನ್ನ ಕೈಯದ್ದು."

ಮಿಲ್ಟೋಸ್ ಸಿಳ್ಳೆ ಹಾಕಿದ. "ಅಯ್ಯೋ ಮೇಸ್ತ್ರಿ! ನೀನೂ ಮನುಷ್ಯ ಅಂತ ಇವತ್ತು ಗೊತ್ತಾಯ್ತು."

ಲಾಂಬ್ರೋಸ್ ಬೆರಳು ಹಾಕಿ ಎಳೆದ. ಬಂತು. ಅಂಗೈಯಲ್ಲಿಟ್ಟು ನೋಡಿದ, ದಿಂಬಿನ ಚೀಲದ ಬಟ್ಟೆಯಾಗಿರಲಿಲ್ಲ. ದಪ್ಪನೆಯ ಕಪ್ಪು ಬಟ್ಟೆಯ ಮೂಲೆಯೊಂದನ್ನು ಕತ್ತರಿಸಿ, ಮಡಿಸಿ, ಸುತ್ತಲೂ ಒತ್ತೊತ್ತಾಗಿ ಹೊಲಿದ ತ್ರಿಕೋನದ ಚೀಲ. ಒಳಗೆ ಗಟ್ಟಿಯಾಗಿ ಏನೋ ಕೈಗೆ ತಾಗುತ್ತಿತ್ತು. ಡೀಸೆಲ್ ವಾಸನೆಯ ನಡುವೆಯೂ ಗುಡಿಯ ಧೂಪದ, ಒಣಗಿದ ತುಳಸಿಯಂಥ ಸೊಪ್ಪಿನ ವಾಸನೆ. ಒಂದು ಪಕ್ಕದಲ್ಲಿ ಪಿನ್ನು ಚುಚ್ಚಿ ನೀಲಿ ಮಣಿ ಕಟ್ಟಿತ್ತು, ಮಣಿಯ ಮೇಲೆ ಬಿಳಿ ಚುಕ್ಕೆ, ಅದರೊಳಗೆ ಕಪ್ಪು ಚುಕ್ಕೆ. ಅಂಗೈಯಿಂದ ತನ್ನದೇ ಕಣ್ಣು ತನ್ನನ್ನು ನೋಡುತ್ತಿದೆ. ತೊಟ್ಟಿಲಿಗೆ ಕಟ್ಟುವ ರಕ್ಷೆ ಅದು. ಯಾರಿಂದ ರಕ್ಷೆ ಎಂದು ಅಲ್ಲಿ ನಿಂತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿಲ್ಟೋಸ್ ಒಂದು ಹೆಜ್ಜೆ ಹಿಂದೆ ಸರಿದ. ಲಾಂಬ್ರೋಸನ ಕಿವಿ ಕಾದವು. ಮುಷ್ಟಿ ಮಡಚಿದ.

"ನನ್ನದೇ," ಎಂದ. "ಅಂದೆನಲ್ಲ, ನನ್ನದೇ ಬಟ್ಟೆ."

"ಸುಳ್ಳು ಹೇಳಬೇಡವೋ!"

ಗಾಡಿಯ ಬಾಗಿಲು ತೆರೆಯಿತು. ಅಸಿಮೀನಾ ಯಾರ ಕೈಯೂ ಬೇಡವೆಂದು ಊರುಗೋಲು ಊರಿ ಇಳಿದಳು. ಮಗ ಹಿಡಿಯಲು ಹೋದ. ಕೋಲಿನಿಂದಲೇ ಅವನನ್ನು ಆಚೆ ಸರಿಸಿದಳು.

"ತೆಗೆ ಮುಷ್ಟಿ. ನಂದು ಅದು. ನಾನು ಹೊಲಿದದ್ದು. ನಾನೇ ಇಟ್ಟದ್ದು."

"ಅಮ್ಮಾ! ಇಂಜಿನ್ ಒಳಗಾ?" ಎಂದ ಸ್ಟೆಲ್ಯೋಸ್.

"ಮತ್ತೆಲ್ಲಿ ಇಡಲೋ? ಮಗೂಗೆ ಕುತ್ತಿಗೆಗೆ ಕಟ್ತೀವಿ, ಉಸಿರಿನ ಹತ್ತಿರ. ಗಾಡಿಗೆ ಕುತ್ತಿಗೆ ಎಲ್ಲಿದೆ? ಇವನೇ ತೋರಿಸಿದ, ಉಸಿರಾಡೋದು ಇಲ್ಲಿಂದ ಅಂತ. ಇವನ ಕಣ್ಣಿಗೆ ಹೆದರಿ, ಇವನು ಹೇಳಿದ ಜಾಗದಲ್ಲೇ ಇಟ್ಟೆ." ಅವಳು ಲಾಂಬ್ರೋಸನ ಕಡೆ ತಿರುಗಿದಳು. "ಮೇಲೆ ಗುಡಿ ಹತ್ತಿರ ಬಾನೆಟ್ ಎತ್ತಿದೆಯಲ್ಲ. ಆಗಲೇ ತೆಗೆದು ಎಸೀಬಹುದಾಗಿತ್ತು. ಎಸೀತೀಯ, ನನ್ನ ಮಾನ ಉಳೀತು ಅಂತ ಕೂತಿದ್ದೆ. ಎಸೀಲಿಲ್ಲ. ಇಲ್ಲಿ ಬಂದು ನಾಲ್ಕು ಜನರ ಮುಂದೆ ಮಾಡದ ತಪ್ಪು ತಲೆ ಮೇಲೆ ಹೊತ್ಕೋತೀಯ. ಇನ್ನೂ ಸುಮ್ಮನೆ ಕೂತಿದ್ರೆ ನಾನೆಂಥ ಹೆಂಗಸು?"

ಲಾಂಬ್ರೋಸ್ ಮುಷ್ಟಿ ಬಿಚ್ಚಿದ. ಅವಳು ರಕ್ಷೆಯನ್ನು ಎತ್ತಿಕೊಂಡು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಆದ್ರೂ ಹೊಲಿಗೆ ನೋಡು," ಎಂದಳು. "ಇಷ್ಟು ದಿನ ಇಂಜಿನ್ ಜಗ್ಗಿದೆ. ಒಂದು ಎಳೆ ಬಿಚ್ಚಿಲ್ಲ."

ಮೊದಲು ನಕ್ಕವನು ಲಾಂಬ್ರೋಸ್. ಈ ಸಲ ಎಲ್ಲರಿಗಿಂತ ಜೋರಾಗಿ ನಗಬೇಕೆಂದು ನಕ್ಕದ್ದಲ್ಲ. ಅದು ಹೊಟ್ಟೆಯಿಂದ ತಾನಾಗಿ ಬಂತು, ಅವನು ಮಡ್‌ಗಾರ್ಡ್ ಹಿಡಿದುಕೊಳ್ಳಬೇಕಾಯಿತು. "ಕಣ್ಣು ಏನೂ ಮಾಡ್ಲಿಲ್ಲ, ಔಷಧಿನೇ ಕುತ್ತಿಗೆ ಹಿಚುಕಿತ್ತು" ಎಂದು ಮಿಲ್ಟೋಸ್ ಕಾಫಿ ಚೆಲ್ಲಿಕೊಂಡ. ಕೈ ಒರೆಸಿಕೊಳ್ಳಲೆಂದು ಲಾಂಬ್ರೋಸ್ ಹಿಂದಿನ ಜೇಬಿನಿಂದ ಬಟ್ಟೆ ಎಳೆದ. ಎಣ್ಣೆ ಕುಡಿದು ಕಪ್ಪಾದ ಹಳೆಯ ದಿಂಬಿನ ಚೀಲದ ತುಂಡು. ಪೈಪಿನಿಂದ ಅಂದೇ ತೆಗೆದು ಜೇಬಿಗಿಟ್ಟದ್ದು, ವಸಂತದಿಂದಲೂ ಕೈ ಒರೆಸಿಕೊಂಡಿದ್ದು ಅದರಲ್ಲೇ. ಪೈಪನ್ನು ಡಬ್ಬಿಗೆ ಸೇರಿಸಿ, ಕ್ಲಿಪ್ ಬಿಗಿದು, ಸ್ಟೆಲ್ಯೋಸನ ಎದುರಿಗೇ ಬಾನೆಟ್ ಮುಚ್ಚಿದ.

ಮರುದಿನ ಗಾಡಿ ಮೇಜು, ಕುರ್ಚಿ, ಕುರಿ, ಅಜ್ಜಿಯಂದಿರನ್ನು ಹೊತ್ತು ಮೂರನೆಯ ಗೇರಿನಲ್ಲಿ ಗುಡಿಯ ಏರು ಹತ್ತಿತು. ಪಾದ್ರಿಯ ಸ್ಕೂಟರು ಬಹಳ ಹಿಂದೆ ಉಳಿಯಿತು. ಲಾಂಬ್ರೋಸ್ ಎಂದಿನಂತೆ ಬಯಲಿನ ಅಂಚಿನಲ್ಲಿ, ಚೆಸ್ಟ್‌ನಟ್ ಮರದಡಿ ನಿಂತಿದ್ದ. ಜ್ಞಾನಸ್ನಾನದ ದಿನಗಳಲ್ಲಿ ಅವನ ಜಾಗ ಅದು, ಯಾರೂ ತೋರಿಸಿಕೊಟ್ಟಿರಲಿಲ್ಲ, ಅವನೇ ಕಲಿತದ್ದು. ಒಳಗೆ ಕೂಸು ನೀರಿಗೆ ಇಳಿದು ಕಿರುಚಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಜನ ಹೊರಬಂದರು. ಅವರ ನಡುವಿನಿಂದ ಅಸಿಮೀನಾ, ಬಿಳಿ ಬಟ್ಟೆಯ ಗಂಟೊಂದನ್ನು ಎದೆಗೆ ಒತ್ತಿಕೊಂಡು, ಊರುಗೋಲು ಇಲ್ಲದೆ, ನೇರ ಮರದ ಕಡೆಗೆ ನಡೆದು ಬಂದಳು. ಹೆಂಗಸರು ತಿರುಗಿ ನೋಡಿದರು. ಅವಳು ಗಂಟನ್ನು ಅವನ ತೋಳಿಗೆ ಹಾಕಿದಳು. ಅವನ ತೋಳು ಗಟ್ಟಿಯಾಯಿತು, ತಲೆ ತಾನಾಗಿ ಬಗ್ಗಿತು, ಕಣ್ಣು ಬಟ್ಟೆಯ ತುದಿಗೆ ಹೋಯಿತು. ಅಲ್ಲಿ ಎರಡು ಕೆಂಪು ಹಿಮ್ಮಡಿಗಳಿದ್ದವು.

"ಕಾಲಲ್ಲ ಮಗಾ," ಎಂದಳು ಅಸಿಮೀನಾ. "ಮುಖ ನೋಡು."

ಅವನು ನೋಡಿದ. ಒದ್ದೆ ಕೂದಲು, ಅತ್ತು ಊದಿದ ರೆಪ್ಪೆ, ಸಿಟ್ಟಿನಿಂದ ಮುದುಡಿದ ತುಟಿ. ಬೇಕಾದಷ್ಟು ಹೊತ್ತು ನೋಡಿದ. ಯಾರೂ ತಡೆಯಲಿಲ್ಲ.

"ಗೂಳಿ ಕಣೋ ಇದು," ಎಂದ, ಬಯಲಿಗೆಲ್ಲ ಕೇಳುವಂತೆ. "ಎಂಥಾ ಚೆಂದ!"

ಉಗಿಯಲಿಲ್ಲ. ಅಸಿಮೀನಾಳೂ ಉಗಿಯಲಿಲ್ಲ. ಅವಳು ಒಂದು ಮೂಲೆ ಕತ್ತರಿಸಿದ್ದ ತನ್ನ ಕಪ್ಪು ತಲೆವಸ್ತ್ರವನ್ನು ಹಣೆಯಿಂದ ಹಿಂದಕ್ಕೆ ತಳ್ಳಿ, ಅವನ ಪಕ್ಕದಲ್ಲೇ ನಿಂತಳು.